ಮಾಡಿನ ಇಳಿಜಾರು ಮತ್ತು ಫೆಂಗ್ ಶುಯಿ

ಇಳಿಜಾರು ಛಾವಣಿಯ ತಗ್ಗಿನ ಭಾಗದಲ್ಲಿ ಹಾಸಿಗೆ ಹಾಕಬಾರದು, ಓದುವ ಮೇಜು ಇರಿಸಬಾರದು, ಒಲೆ ಹೂಡಬಾರದು, ಮಲಗುವವರ ತಲೆಯ ಮೇಲೆ ತೊಲೆ ಹಾದುಹೋಗಬಾರದು ಎಂಬ ಸಲಹೆಗಳು ಫೆಂಗ್ ಶುಯಿಯ ಹೆಸರಿನಲ್ಲಿ ಇಂದು ಪ್ರಚಾರದಲ್ಲಿವೆ. ಇಳಿಜಾರು 'ಚೀ' ಎಂಬ ಪ್ರಾಣಶಕ್ತಿಯನ್ನು ಕೆಳಕ್ಕೆ ಒತ್ತುತ್ತದೆ ಎಂಬುದು ಅದಕ್ಕೆ ಕೊಡುವ ಕಾರಣ. ತೊಲೆಗೆ ಬಿದಿರಿನ ಕೊಳಲು ಕಟ್ಟುವುದು, ಸ್ಫಟಿಕ ತೂಗುಹಾಕುವುದು, ಮೂಲೆಯಲ್ಲಿ ಮೇಲ್ಮುಖವಾದ ದೀಪವಿಡುವುದು ಪರಿಹಾರಗಳು. ವಾಸ್ತುವಿನ ಮಾತುಗಳೊಂದಿಗೆ ಬೆರೆತು ಈ ಸಲಹೆಗಳು ಕರಾವಳಿಗೂ ಬಂದಿವೆ. ಇಳಿಜಾರು ಮಾಡೇ ಮನೆಯ ಸಹಜ ರೂಪವಾಗಿದ್ದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಅವುಗಳನ್ನು ಪರಿಶೀಲಿಸದೆ ಒಪ್ಪಿಕೊಳ್ಳುವುದು ಎಷ್ಟು ಸರಿ?

ಮೊದಲು ಆ ಶಾಸ್ತ್ರದ ಹೆಸರನ್ನೇ ನೋಡಬೇಕು. ಚೀನೀ ಭಾಷೆಯಲ್ಲಿ 'ಫೆಂಗ್' ಎಂದರೆ ಗಾಳಿ, 'ಶುಯಿ' ಎಂದರೆ ನೀರು. ಗುವೋ ಪು (ಕ್ರಿ.ಶ. 276–324) ಎಂಬ ವಿದ್ವಾಂಸನ ಹೆಸರಿಗೆ ಸಂಪ್ರದಾಯವು ಆರೋಪಿಸುವ 'ಝಾಂಗ್ ಶು' ಎಂಬ ಪ್ರಾಚೀನ ಗ್ರಂಥ ಸಮಾಧಿಗೆ ತಕ್ಕ ಸ್ಥಳವನ್ನು ಆಯುವ ವಿಚಾರವನ್ನು ಹೇಳುತ್ತದೆ. ನೆಲದ ಏರಿಳಿತ, ಗಾಳಿಯ ಬೀಸು, ನೀರಿನ ಹರಿವು ಇವೇ ಅಲ್ಲಿಯ ಮುಖ್ಯ ಕಾಳಜಿಗಳು. ಅಂದರೆ ಅದು ಮೂಲತಃ ಒಂದು ಸ್ಥಳದ ಗುಣವನ್ನು ಅರಿಯುವ ವಿದ್ಯೆ. ಚೀನದ ಸಾಂಪ್ರದಾಯಿಕ ಮನೆ-ಮಂದಿರಗಳಲ್ಲಿಯೂ ಇಳಿಜಾರು ಮಾಡೇ ಎದ್ದುಕಾಣುತ್ತದೆ. ಸ್ಥಳವನ್ನು ನೋಡದೆ ಎಲ್ಲ ಊರುಗಳಿಗೂ ಒಂದೇ ಸಲಹೆಯನ್ನು ಹಂಚುವುದು ಆ ವಿದ್ಯೆಯ ಆಶಯಕ್ಕೇ ವಿರುದ್ಧ.

ಹಾಗಾದರೆ ಈ ನೆಲದ ಗಾಳಿ-ನೀರು ಯಾವ ಬಗೆಯದು? ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆಯಾಗುತ್ತದೆ. ಅದರ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಬೆಳ್ತಂಗಡಿ ಪಶ್ಚಿಮ ಘಟ್ಟದ ಅಡಿಯಲ್ಲಿದೆ. ಬಂಟ್ವಾಳ ನೇತ್ರಾವತಿಯ ದಡದಲ್ಲಿದೆ. ಇಲ್ಲಿ ಮಾಡಿಗೆ ಹೊದಿಸುವ ವಸ್ತು ಬದಲಾಗಿದೆ: ಮುಳಿಹುಲ್ಲು, ಸೋಗೆ, ನಾಡಹಂಚು, 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯ ಹಂಚು. ಇಳಿಜಾರು ಮಾತ್ರ ಬದಲಾಗಲಿಲ್ಲ. ಮಣ್ಣಿನ ಗೋಡೆಯನ್ನು ಓರೆಮಳೆಯಿಂದ ಕಾಯಲೆಂದೇ ಸೂರನ್ನು ಜಗಲಿಯ ಆಚೆಗೆ, ತಗ್ಗಾಗಿ ಇಳಿಸಲಾಗುತ್ತಿತ್ತು.

ಫೆಂಗ್ ಶುಯಿಯ ಆಕ್ಷೇಪದಲ್ಲಿ ಹುರುಳಿಲ್ಲವೆಂದಲ್ಲ. ತಲೆಗೆ ತಾಗುವಂತಿರುವ ಛಾವಣಿಯ ಅಡಿಯಲ್ಲಿ ಮಲಗುವುದು ಯಾರಿಗೂ ಹಿತವಲ್ಲ. ಆದರೆ ಅದಕ್ಕೆ ಬೇಕಾದ ಪರಿಹಾರವನ್ನು ಇಲ್ಲಿಯ ಬಡಗಿಗಳು ಮನೆಯ ರಚನೆಯಲ್ಲಿಯೇ ಅಳವಡಿಸಿದ್ದರು. ಅನುಕೂಲಸ್ಥರ ಮನೆಗಳಲ್ಲಿ ಮಲಗುವ ಕೋಣೆಗೂ ಮಾಡಿಗೂ ನಡುವೆ ಹಲಗೆಯ ಮುಚ್ಚಿಗೆ, ಅದರ ಮೇಲೆ ಅಟ್ಟ ಇರುತ್ತಿತ್ತು. ಮಲಗಿದವರ ಕಣ್ಣಿಗೆ ಕಾಣುತ್ತಿದ್ದುದು ಸಮತಲದ ಹಲಗೆ. ಬಿಸಿಲಿನ ಕಾವನ್ನು ತಡೆಯುತ್ತಿದ್ದುದು ಅಟ್ಟದ ಗಾಳಿ. ಇಳಿಜಾರಿನ ಆ ಜಾಗ ಸಾಮಾನುಗಳಿಗೆ ಒದಗುತ್ತಿತ್ತು. ಮುಚ್ಚಿಗೆಯನ್ನೂ ಅಟ್ಟವನ್ನೂ ಬಿಟ್ಟು, ನೋಟಕ್ಕಾಗಿ ಮಾತ್ರ ಇಳಿಜಾರನ್ನು ಉಳಿಸಿಕೊಂಡ ಹೊಸ ಮನೆಗಳಲ್ಲಿ ತೊಂದರೆ ಹುಟ್ಟುತ್ತದೆ. ಅದು ರಚನೆಯ ಕೊರತೆ. ಕೊಳಲು ಕಟ್ಟಿದರೆ ನೀಗುವಂಥದಲ್ಲ.

ಮನೆಯ ಈ ರೂಪ ಬಸದಿಯಲ್ಲಿಯೂ ಕಾಣುತ್ತದೆ. 1430ರಲ್ಲಿ ನಿರ್ಮಾಣಗೊಂಡ ಮೂಡುಬಿದಿರೆಯ ತ್ರಿಭುವನ ತಿಲಕ ಚೂಡಾಮಣಿ ಬಸದಿ, ಅಂದರೆ ಸಾವಿರ ಕಂಬದ ಬಸದಿ, ಒಂದರ ಮೇಲೊಂದು ಇಳಿಜಾರು ಮಾಡುಗಳನ್ನು ಹೊತ್ತು ನಿಂತಿದೆ. ಜೇಮ್ಸ್ ಫರ್ಗುಸನ್ 1876ರ ತನ್ನ ಗ್ರಂಥದಲ್ಲಿ ಈ ಶೈಲಿಗೆ ಹೋಲಿಕೆಯನ್ನು ದೂರದ ನೇಪಾಳದಲ್ಲಿ ಕಂಡನು. ಆದರೆ ಈ ರೂಪದ ಕಾರಣವನ್ನು ಹುಡುಕಲು ಹಿಮಾಲಯಕ್ಕೆ ಹೋಗಬೇಕಾಗಿಲ್ಲ. ಬಸದಿಯ ಸುತ್ತಲಿನ ಮನೆಗಳನ್ನೂ ಆಷಾಢದ ಮಳೆಯನ್ನೂ ನೋಡಿದರೆ ಸಾಕು. ಧವಲಾ, ಜಯಧವಲಾ ಗ್ರಂಥಗಳ ತಾಡೋಲೆಗಳು ಶತಮಾನಗಳ ಕಾಲ ಉಳಿದುಬಂದುದು ಈ ಮೂಡುಬಿದಿರೆಯಲ್ಲಿಯೇ. ಲಿಪಿಕಾರರನ್ನೂ ಕಾಪಾಡಿದ ಮಠ-ಬಸದಿಗಳನ್ನೂ ಸಾಹಿತ್ಯ ಚರಿತ್ರೆ ಸ್ಮರಿಸುತ್ತದೆ. ನೀರನ್ನು ಒಳಕ್ಕೆ ಬಿಡದ ಮಾಡಿನ ಋಣವೂ ಅಲ್ಲಿದೆ.

ಕನ್ನಡಕ್ಕೆ ಗೃಹನಿರ್ಮಾಣದ ವಿಚಾರ ಹೊಸದೇನಲ್ಲ. ಸುಮಾರು 1025ರ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ವಾಸ್ತುವಿಚಾರವೂ ಸೇರಿದೆ. ಆದರೂ ಬಯಲುಸೀಮೆಯ ಮಾಳಿಗೆಮನೆಗೂ ಕರಾವಳಿಯ ಹಂಚಿನ ಮನೆಗೂ ಒಂದೇ ಅಚ್ಚು ಬರಲಿಲ್ಲ. ಭಾಷೆಯೂ ಇದನ್ನೇ ಹೇಳುತ್ತದೆ. ಸೂರು ಎಂದರೆ ಇಳಿಮಾಡಿನ ಅಂಚು. ಆದರೆ 'ಸೂರಿಲ್ಲದವರು' ಎಂದರೆ ಮನೆಯೇ ಇಲ್ಲದವರು. ಛಾವಣಿಯ ಅಂಚಿನ ಹೆಸರೇ ಮನೆಯ ಹೆಸರಾಯಿತು. ಪಕ್ಕಾಸು, ರೀಪು, ಮುಚ್ಚಿಗೆ, ಅಟ್ಟ ಎಂಬ ಪದಗಳು ವಸ್ತುವಿನೊಂದಿಗೇ ಬಳಕೆಯಿಂದ ಜಾರುತ್ತಿವೆ. ಅವುಗಳನ್ನು ಬಲ್ಲ ಬಡಗಿಗಳ ಬಾಯಿಂದಲೇ ಸಂಗ್ರಹಿಸುವುದು ಸಂಶೋಧನ ವಿದ್ಯಾರ್ಥಿಗಳ ಮುಂದಿರುವ ತುರ್ತು ಕೆಲಸ.

ಹಳೆಯ ಮನೆಯನ್ನು ಕೆಡಹುವವರಿಗೆ ನಿಜವಾದ ಕಾರಣಗಳಿರಬಹುದು. ಮರ ದುಬಾರಿಯಾಗಿದೆ, ಗೆದ್ದಲು ಹಿಡಿಯುತ್ತದೆ, ಮಳೆಗಾಲಕ್ಕೆ ಮುನ್ನ ಹಂಚು ಸರಿಪಡಿಸಲು ಕೆಲಸದವರು ಸಿಗುವುದಿಲ್ಲ. ಇವು ಗೌರವಿಸಬೇಕಾದ ಕಷ್ಟಗಳು. ಆದರೆ ಆ ಕಷ್ಟಕ್ಕೆ 'ದೋಷ'ವೆಂಬ ಹೆಸರನ್ನಿಟ್ಟು, ತಲೆಮಾರುಗಳನ್ನು ಕಾಪಾಡಿದ ಮಾಡನ್ನು ಅಶುಭವೆಂದು ಕರೆಯುವುದು ನ್ಯಾಯವಲ್ಲ. ಸಮತಲದ ತಾರಸಿ ಕಟ್ಟಿಸಿದವರೂ ಕೆಲವು ಮಳೆಗಾಲಗಳ ನಂತರ ಅದರ ಮೇಲೆ ತಗಡಿನ ಇಳಿಜಾರು ಮಾಡು ಹಾಕಿಸುವುದನ್ನು ಈ ಊರುಗಳಲ್ಲಿ ಧಾರಾಳವಾಗಿ ಕಾಣಬಹುದು. ಗಾಳಿ-ನೀರಿನ ಶಾಸ್ತ್ರವನ್ನು ನಂಬುವವರು ಆ ತಗಡಿನ ಮಾಡನ್ನೊಮ್ಮೆ ತಲೆಯೆತ್ತಿ ನೋಡಬೇಕು.