ಮಂದಾಗ್ನಿಯೂ ಮಗಳ ಓದೂ

ತಿತಿಮತಿಯ ಅನೇಕ ಮನೆಗಳಲ್ಲಿ ಹಬ್ಬದೂಟವೆಂದರೆ ಪಂದಿಕರಿಯೂ ನೂಲ್‌ಪುಟ್ಟೂ ಅಲ್ಲವೆ? ಗಟ್ಟಿಮಾಂಸವು ಮಂದಾಗ್ನಿಯಲ್ಲಿ ಬಹುಹೊತ್ತು ಬೆಂದರೆ ಅದನ್ನು ಬಿಗಿದಿರುವ ಕೊಲಾಜೆನ್ ಕರಗಿ ಮೆತ್ತಗಾಗುವುದು. ಕಡೆಯಲ್ಲಿ ಕಾಚಂಪುಳಿ ಬೀಳಬೇಕು. ಒಲೆಯ ಮುಂದಿನ ಈ ಕಾವಲು ಬಹುಮಟ್ಟಿಗೆ ಹೆಣ್ಣುಮಕ್ಕಳ ಓದಿನ ಹೊತ್ತನ್ನೇ ನುಂಗಿತೆಂಬುದನ್ನು ನಾವು ಮರೆಯಲಾಗದು.

1971ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ 'ಕ್ರಾಕ್‌ಪಾಟ್' ಎಂಬ ವಿದ್ಯುತ್ ಪಾತ್ರೆಯು ಆರೆಂಟು ಗಂಟೆಗಳ ಕಾಲ ತಾನೇ ಮೆಲ್ಲಗೆ ಬೇಯಿಸುವುದು. ಅಂಥ ಪಾತ್ರೆಯನ್ನು ಸೋಮಾರಿತನದ ಸಾಧನವೆಂದು ಹಳಿಯುವುದು ನಮಗೆ ಸಮ್ಮತವಲ್ಲ. ಆದರೆ ಅದು ಶಾವಿಗೆಯನ್ನು ಒತ್ತಿಕೊಡದು. ಆ ಕೆಲಸಕ್ಕೆ ತೋಳ್ಬಲವೇ ಬೇಕು. ತಾಯಂದಿರೇ, ಮಗಳು ಪುಸ್ತಕ ಹಿಡಿದಿರುವಾಗ ಶಾವಿಗೆ ಒತ್ತಲು ಮಗನನ್ನು ಕರೆಯಿರಿ. ಊಟದ ರುಚಿಯೂ ಕೆಡದು, ಮಗಳ ವಿದ್ಯೆಯೂ ನಿಲ್ಲದು.