ಯಂತ್ರದ ಉಳಿ, ಬಡಗಿಯ ಕಣ್ಣು

ಮನೆಯ ಊಟದ ಮೇಜೇ ಕಚೇರಿಯಾಗಿ ಮಾರ್ಪಟ್ಟ 2020ರಿಂದೀಚೆಗೆ, ಪರದೆಯೂ ಕೀಲಿಮಣೆಯೂ ಒಂದಕ್ಕೊಂದು ಬೆಸೆದುಕೊಂಡಿರುವ ಲ್ಯಾಪ್‌ಟಾಪಿನಲ್ಲಿ ಕೈಗೆ ಹಿತವಾದ ಎತ್ತರವು ಕುತ್ತಿಗೆಗೆ ಅಹಿತವೇ ಆಗಿರುವುದೆಂಬ ಸಂಗತಿಯನ್ನು ಬೆಂಗಳೂರಿನ ಅಸಂಖ್ಯ ಉದ್ಯೋಗಿಗಳು ತಮ್ಮ ಬೆನ್ನುಮೂಳೆಯ ಮೂಲಕವೇ ಅರಿತುಕೊಂಡರು. ಪರದೆಯನ್ನು ಕಣ್ಣಿನ ಮಟ್ಟಕ್ಕೆತ್ತಿ, ಬೇರೊಂದು ಕೀಲಿಮಣೆಯನ್ನು ಕೆಳಗಿರಿಸಿಕೊಳ್ಳುವುದೇ ಇದಕ್ಕಿರುವ ಪರಿಹಾರ. ಅದಕ್ಕೆ ಬೇಕಾದದ್ದು ಎರಡು ಪಕ್ಕೆಹಲಗೆ, ಅವನ್ನು ಕೂಡಿಸುವ ಒಂದೆರಡು ಅಡ್ಡಪಟ್ಟಿ, ಇಷ್ಟೇ. ಇಂಥ ಪೀಠವನ್ನು ಕಂಪ್ಯೂಟರಿನ ಆಜ್ಞೆಯಂತೆ ನಡೆಯುವ ಸಿಎನ್‌ಸಿ ಯಂತ್ರವು ಅಲ್ಪಕಾಲದಲ್ಲಿ ಕೊರೆದುಕೊಡುವುದನ್ನು ಕಂಡವರು, ಇನ್ನು ಬಡಗಿಯ ಕಾಲ ಮುಗಿಯಿತೆಂದು ಸಾರುವುದುಂಟು. ಬಡಗಿಯಿಲ್ಲದೆ ಆ ಯಂತ್ರವೇ ಅರ್ಧಕುರುಡು ಎಂಬುದು ನನ್ನ ಮತ.

ಈ ಯಂತ್ರವು ಮರಕ್ಕಾಗಿ ಹುಟ್ಟಿದುದಲ್ಲ. ಹೆಲಿಕಾಪ್ಟರಿನ ರೆಕ್ಕೆಗಳನ್ನು ತಯಾರಿಸುತ್ತಿದ್ದ ಅಮೆರಿಕದ ಜಾನ್ ಪಾರ್ಸನ್ಸ್ ಅಂಕಿಗಳಿಂದಲೇ ಯಂತ್ರವನ್ನು ನಡೆಸುವ ಯೋಚನೆ ಮಾಡಿದರು. ಅಲ್ಲಿನ ವಾಯುಸೇನೆಯ ಧನಸಹಾಯದಿಂದ ಎಂಐಟಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು, ರಂಧ್ರ ಕೊರೆದ ಪಟ್ಟಿಯ ಆಜ್ಞೆಯಂತೆ ಲೋಹವನ್ನು ಕಡೆಯುವ ಯಂತ್ರವು 1952ರಲ್ಲಿ ಪ್ರದರ್ಶಿತವಾಯಿತು. ಲೋಹದ ತುಂಡು ಬಹುಮಟ್ಟಿಗೆ ಎಲ್ಲ ದಿಕ್ಕಿನಲ್ಲಿಯೂ ಏಕರೂಪವಾದುದು. ಮರವಾದರೋ ಬೆಳೆದ ಪದಾರ್ಥ; ಅದಕ್ಕೆ ಎಳೆಯುಂಟು, ಗಂಟುಂಟು, ಚೇಗು ಬೇರೆ, ಬಿಳಿಮರ ಬೇರೆ. ಕಂಪ್ಯೂಟರಿನಲ್ಲಿ ಬರೆದ ನಕ್ಷೆಯಲ್ಲಿ ಇವು ಯಾವುವೂ ಕಾಣಿಸವು.

ಪೀಠದ ಮುಂತುದಿಯಲ್ಲಿ ಲ್ಯಾಪ್‌ಟಾಪು ಜಾರದಂತೆ ತಡೆಯುವ ಒಂದು ಚಿಕ್ಕ ಕೊಕ್ಕೆಯಿರುತ್ತದಷ್ಟೆ. ತೇಗದ ಹಲಗೆಯೊಂದನ್ನು ಯಂತ್ರದ ಮೇಲೆ ಹಾಸಿದಾಗ, ಮರದ ಎಳೆಯು ಆ ಕೊಕ್ಕೆಯ ಉದ್ದಕ್ಕೆ ಹರಿದಿದ್ದರೆ ಅದು ವರ್ಷಗಟ್ಟಲೆ ಭಾರ ಹೊತ್ತೀತು. ಅಡ್ಡಲಾಗಿ ಹರಿದಿದ್ದರೆ, ನಕ್ಷೆ ಎಷ್ಟೇ ನಿರ್ದುಷ್ಟವಾಗಿರಲಿ, ಒಂದು ದಿನ ಬೆರಳು ತಾಗಿದ ಮಾತ್ರಕ್ಕೆ ಚಟ್ಟನೆ ಸೀಳಿಹೋದೀತು. ಮಳೆಗಾಲದ ತೇವವನ್ನು ಹೀರಿದ ಹಲಗೆ ಉದ್ದಕ್ಕೆ ಹಿಗ್ಗುವುದು ನಗಣ್ಯ, ಅಗಲಕ್ಕೆ ಹಿಗ್ಗುವುದು ಗಣನೀಯ. ಅದರಲ್ಲಿಯೂ ಬೆಳವಣಿಗೆಯ ಬಳೆಗಳ ಗುಂಟ ಆಗುವ ಹಿಗ್ಗು ಬಳೆಗಳನ್ನು ಅಡ್ಡಹಾಯುವ ದಿಕ್ಕಿನದಕ್ಕಿಂತ ಸಾಮಾನ್ಯವಾಗಿ ಇಮ್ಮಡಿಯಷ್ಟಿರುತ್ತದೆ. ಹಲಗೆಯ ತುದಿಯನ್ನು ಒಮ್ಮೆ ನೋಡಿ, ಇದು ಯಾವ ಕಡೆಗೆ ಬಾಗೀತೆಂದು ಹೇಳಬಲ್ಲ ಬಡಗಿಗಳನ್ನು ನಾವೆಲ್ಲ ಕಂಡಿದ್ದೇವೆ. ಅವರಲ್ಲಿ ಯಾರೂ ಸಿಎನ್‌ಸಿ ಅಂಗಡಿಯ ಪರದೆಯ ಮುಂದೆ ಕುಳಿತಿದ್ದುದನ್ನು ನಾನಂತೂ ಕಂಡಿಲ್ಲ.

ಪ್ಲೈವುಡ್ಡಿನಲ್ಲಿ ಪದರಗಳ ಎಳೆಗಳು ಒಂದಕ್ಕೊಂದು ಅಡ್ಡಲಾಗಿರುವುದರಿಂದ ಈ ತೊಡಕು ಕಡಿಮೆ. ಆದರೆ ಅಲ್ಲಿಯೂ 18 ಮಿಲಿಮೀಟರೆಂದು ಮಾರುವ ಹಾಳೆ ಕರಾರುವಾಕ್ಕಾಗಿ 18 ಇರುವುದು ಅಪರೂಪವಾದುದರಿಂದ, ದಪ್ಪವನ್ನು ಅಳೆಯದೆ ನಕ್ಷೆಯ ಅಂಕಿಯನ್ನೇ ನಂಬಿ ಕೊರೆದ ಕಚ್ಚು ಸಡಿಲವಾಗಿ ಅಲುಗಾಡುವುದು, ಇಲ್ಲವೆ ಸುತ್ತಿಗೆಯೇಟಿಗೂ ಜಗ್ಗದೆ ನಿಲ್ಲುವುದು. ಇನ್ನೊಂದು ಮಾತು: ಯಂತ್ರದಲ್ಲಿ ತಿರುಗುತ್ತ ಕೊರೆಯುವ ಅಲಗು, ಅಂದರೆ ಬಿಟ್ಟು, ದುಂಡಗಿನದಾದುದರಿಂದ, 6 ಮಿಲಿಮೀಟರಿನ ಬಿಟ್ಟು ಒಳಮೂಲೆಯಲ್ಲಿ 3 ಮಿಲಿಮೀಟರ್ ತ್ರಿಜ್ಯದ ದುಂಡನ್ನು ಉಳಿಸಿಯೇ ತೀರುತ್ತದೆ. ಅದನ್ನು ನಿವಾರಿಸಲು ಮೂಲೆಯನ್ನು ತುಸು ಆಚೆಗೆ ಕೊರೆದು ಗುಳಿ ಮಾಡುವ ಉಪಾಯವುಂಟು. ಚೌಕವೇ ಬೇಕೆಂದರೆ ಕೊನೆಗೆ ಉಳಿಯನ್ನೇ ಹಿಡಿಯಬೇಕು. ಬಿಟ್ಟು ತಿರುಗುವ ವೇಗಕ್ಕೆ ಅದರ ಮುನ್ನಡೆ ಹೊಂದದಿದ್ದರೆ ಮರದ ಅಂಚು ಕರಿಕಾಗುವುದನ್ನು ಮೊದಲು ಮೂಗಿನಿಂದಲೇ ತಿಳಿಯುವ ಅಭ್ಯಾಸವೂ ಕುಶಲಕರ್ಮಿಯದೇ. ಹೀಗೆ ಕೊರೆಯುವಾಗ ಏಳುವ ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರಲ್ಲಿ ಕ್ಯಾನ್ಸರುಕಾರಕವೆಂದೇ ವರ್ಗೀಕರಿಸಿದೆ. ಧೂಳು ಹೀರುವ ವ್ಯವಸ್ಥೆಯಿಲ್ಲದ ಕಿರುಗೋದಾಮುಗಳಲ್ಲಿ ಹುಡುಗರು ಕರವಸ್ತ್ರ ಕಟ್ಟಿಕೊಂಡು ದುಡಿಯುವುದು ನನಗೆ ಈ ಇಡೀ ಉದ್ಯಮದ ಅತ್ಯಂತ ಲಜ್ಜಾಸ್ಪದ ಭಾಗವಾಗಿ ತೋರುತ್ತದೆ.

ಈಗ ನಗರಗಳಲ್ಲಿ ದೇವರಮನೆಯ ಜಾಲಿಯನ್ನೂ ಕಪಾಟಿನ ಬಾಗಿಲನ್ನೂ ಕೊರೆದುಕೊಡುವ ಅಂಗಡಿಗಳಲ್ಲಿ ನಕ್ಷೆ ಬಲ್ಲವನು ಒಳಗೆ, ಮರ ಬಲ್ಲವನು ಕೊರೆದ ತುಂಡುಗಳಿಗಾಗಿ ಕಾಯುತ್ತ ಹೊರಗೆ, ಹೀಗೆ ಕೆಲಸವು ಇಬ್ಭಾಗವಾಗಿದೆ. ಈ ವಿಭಜನೆ ಯಂತ್ರದ ಸ್ವಭಾವದಿಂದ ಬಂದುದಲ್ಲ. ಸಿಎನ್‌ಸಿ ಎಂದರೆ ಲೋಹ, ಬಡಗಿತನವೆಂದರೆ ಕೈಗೆಲಸ ಎಂದು ನಮ್ಮ ತರಬೇತಿಯು ಬಹುಮಟ್ಟಿಗೆ ಗೆರೆಯೆಳೆದುದರಿಂದ ಬಂದುದು. ಆ ಗೆರೆಯನ್ನು ಅಳಿಸುವ ಅನುಕೂಲ ನಮ್ಮಲ್ಲಿಯೇ ಉಂಟು: 2022ರಲ್ಲಿ ಕರ್ನಾಟಕದ 150 ಸರ್ಕಾರಿ ಐಟಿಐಗಳು ಹೊಸ ಯಂತ್ರಸಾಮಗ್ರಿಯೊಡನೆ ತಂತ್ರಜ್ಞಾನ ಕೇಂದ್ರಗಳಾಗಿ ಪರಿವರ್ತಿತವಾದುವು. ಮರದ ಅಧ್ಯಯನಕ್ಕೆಂದೇ ಬೆಂಗಳೂರಿನ ಮಲ್ಲೇಶ್ವರದಲ್ಲಿ ಕೇಂದ್ರ ಸರ್ಕಾರದ ಸಂಸ್ಥೆಯೊಂದಿದೆ. ಇವೆರಡನ್ನೂ ಕೂಡಿಸಿ, ಹತ್ತಿಪ್ಪತ್ತು ವರ್ಷ ಉಳಿ ಹಿಡಿದ ಬಡಗಿಗಳಿಗೆ ಸಂಜೆಯ ಹೊತ್ತು, ದಿನಗೂಲಿ ನಷ್ಟವಾಗದ ರೀತಿಯಲ್ಲಿ, ಕನ್ನಡದಲ್ಲಿಯೇ ಯಂತ್ರದ ಪಾಠ ಹೇಳಿಸಿದರೆ ಸರ್ಕಾರಕ್ಕೆ ಬೀಳುವ ಖರ್ಚು ಅಲ್ಪವೇ. ಅಲ್ಲಿ ಮೊದಲ ಅಭ್ಯಾಸಕ್ಕೆ, ಕಚ್ಚು, ಕೊಕ್ಕೆ, ಎಳೆ, ಅಳತೆ ಎಲ್ಲವೂ ಅಡಕವಾಗಿರುವ ಈ ಲ್ಯಾಪ್‌ಟಾಪು ಪೀಠವನ್ನೇ ಕೊಡಬಹುದು; ಪಾಠದ ಭಾಷೆಯನ್ನೂ ವೇಳೆಯನ್ನೂ ಗೊತ್ತುಮಾಡುವಾಗ ಮಾತ್ರ ಅಧಿಕಾರಿಗಳು ಬಡಗಿಗಳನ್ನೇ ಕೇಳತಕ್ಕದ್ದು.