ಹಾಡಿದ ಬಾಯಿ, ಸಹಿ ಹಾಕಿದ ಕೈ

ಆಸ್ಟ್ರೇಲಿಯಾದ ‘ಮಿಡ್‌ನೈಟ್ ಆಯಿಲ್’ ಎಂಬ ರಾಕ್ ವಾದ್ಯಮೇಳವು 2022ರ ಫೆಬ್ರವರಿ 18ರಂದು ಹೊರತಂದ ಧ್ವನಿಮುದ್ರಿಕೆಯ ಹೆಸರು ‘ರೆಸಿಸ್ಟ್’. ಎಂದರೆ, ಎದುರಿಸಿ ನಿಲ್ಲಿರಿ. 1976ರಲ್ಲಿ ಸಿಡ್ನಿಯಲ್ಲಿ ಈ ಹೆಸರಿಟ್ಟುಕೊಂಡ ಹುಡುಗರು ಈಗ ಅರವತ್ತು ದಾಟಿದವರು. ಗಿರಣಿಯ ಬಂಧುಗಳೂ ಅಂಗಡಿಯ ಮಿತ್ರರೂ ಓದುವ ಪತ್ರಿಕೆಗೆ ಈ ಗಿಟಾರಿನವರ ಗೊಡವೆ ಏಕೆಂದು ವಾಚಕರು ಕೇಳಬಹುದು. ಕೇಳಲಿ. ಆ ಹಾಡುಗಳಲ್ಲಿ ಇರುವುದು ಹತ್ತಿ, ನೀರು, ಧೂಳು.

ಮೊದಲು ಹತ್ತಿಯ ಮಾತು. ಹನ್ನೆರಡು ಹಾಡುಗಳಲ್ಲೊಂದು ಡಾರ್ಲಿಂಗ್ ನದಿಯ ಮೇಲಿದೆ. ಅಲ್ಲಿಯ ಮೂಲನಿವಾಸಿಗಳು ಆ ನದಿಯನ್ನು ಬಾರ್ಕಾ ಎನ್ನುತ್ತಾರೆ. ಮೇಳದವರು ಹಾಡಿನ ಹೆಸರಿನಲ್ಲಿ ಎರಡನ್ನೂ ಇಟ್ಟಿದ್ದಾರೆ. 2018ರ ಕೊನೆಯಲ್ಲಿ, 2019ರ ಮೊದಲಲ್ಲಿ, ಮೆನಿಂಡಿ ಎಂಬ ಊರಿನ ಬಳಿ ಲಕ್ಷಗಟ್ಟಲೆ ಮೀನುಗಳು ಸತ್ತು ತೇಲಿದುವು. ಬರಗಾಲ ಒಂದು ಕಾರಣ. ಹತ್ತಿಯ ದೊಡ್ಡ ಹೊಲಗಳಿಗೆಂದು ಮೇಲ್ಗಡೆಯೇ ನೀರನ್ನು ಸೆಳೆದುಕೊಂಡುದು ಇನ್ನೊಂದು. ಬಲ್ಲವರು ಮೊದಲೇ ಕೂಗಿಕೊಂಡಿದ್ದರು. ಬಡವನ ಕೋಪ ದವಡೆಗೆ ಮೂಲವೆಂಬಂತೆ ಅದು ಅವರಲ್ಲೇ ಉಳಿಯಿತು. ಇಂಡಿಯಾ ಮತ್ತು ಆಸ್ಟ್ರೇಲಿಯಾಗಳ ವ್ಯಾಪಾರ ಒಪ್ಪಂದವು 2022ರ ಡಿಸೆಂಬರ್ 29ರಿಂದ ಜಾರಿಗೆ ಬಂದು, ವರ್ಷಕ್ಕೆ 51,000 ಟನ್ ಆಸ್ಟ್ರೇಲಿಯಾದ ಹತ್ತಿಯನ್ನು ಸುಂಕವಿಲ್ಲದೆ ತರಿಸಲು ಅವಕಾಶವಾಗಿದೆ. ಯಾವ ನದಿಯನ್ನು ಬತ್ತಿಸಿ ಬೆಳೆದುದೆಂದು ಅಂಡಿಗೆಯ ಮೇಲೆ ಯಾರೂ ಬರೆಯುವುದಿಲ್ಲ.

ಇನ್ನು ಧೂಳು. ಈ ಮೇಳದವರು 1990ರಲ್ಲಿ ‘ಬ್ಲೂ ಸ್ಕೈ ಮೈನ್’ ಎಂಬ ಹಾಡನ್ನು ಹಾಡಿದ್ದರು. ಪಶ್ಚಿಮ ಆಸ್ಟ್ರೇಲಿಯಾದ ವಿಟ್ಟನೂಮ್ ಎಂಬಲ್ಲಿ 1966ರವರೆಗೆ ನೀಲಿ ಆಸ್ಬೆಸ್ಟಾಸ್ ಅಗೆದ ಕೂಲಿಗಾರರ ಕಥೆ ಅದು. ಗಣಿಯ ಒಡೆತನ ಒಂದು ದೊಡ್ಡ ಸಕ್ಕರೆ ಕಂಪನಿಯ ಅಂಗಸಂಸ್ಥೆಯದು. ಈ ಧೂಳು ಜೀವ ತೆಗೆಯುತ್ತದೆಂದು 1948ರಲ್ಲೇ ವೈದ್ಯರೊಬ್ಬರು ಎಚ್ಚರಿಸಿದರು. ಗಣಿ ಮುಂದೆ ಹದಿನೆಂಟು ವರ್ಷ ನಡೆಯಿತು. ಕೂಲಿಗಾರರು, ಅವರ ಹೆಂಡಿರು, ಕಲ್ಲಿನ ಪುಡಿಯಲ್ಲಿ ಆಡಿ ಬೆಳೆದ ಮಕ್ಕಳು, ಒಟ್ಟು 2,000ಕ್ಕೂ ಹೆಚ್ಚು ಮಂದಿ ಸತ್ತರೆಂದು ಅಂದಾಜು. ಈ ರೋಗ ಕಾಣಿಸಿಕೊಳ್ಳುವುದು ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನಲವತ್ತು ವರ್ಷಗಳ ಮೇಲೆ. ಅಷ್ಟು ಹೊತ್ತಿಗೆ ಮಾಲಿಕನ ಲೆಕ್ಕದ ಪುಸ್ತಕ ಮುಚ್ಚಿರುತ್ತದೆ. ಆಸ್ಟ್ರೇಲಿಯಾ 2003ರ ಕೊನೆಗೆ ಆಸ್ಬೆಸ್ಟಾಸನ್ನು ಪೂರ್ತಿ ನಿಷೇಧಿಸಿತು. ನಮ್ಮ ದೇಶದಲ್ಲಿ ಬಿಳಿ ಆಸ್ಬೆಸ್ಟಾಸ್ ಹೊರಗಿನಿಂದ ಬರುತ್ತಲೇ ಇದೆ, ಷೆಡ್ಡುಗಳ ಮೇಲೆ ಶೀಟಾಗಿ ಕುಳಿತಿದೆ. ಒಡೆದ ಶೀಟನ್ನು ಗರಗಸದಿಂದ ಕೊಯ್ಯುವವರು ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಸಾಲದು.

ಒಂದು ವಿಷಯವನ್ನು ಒತ್ತಿ ಹೇಳಬೇಕು. ವಿಟ್ಟನೂಮಿನ ರೋಗಿಗಳು ಕಂಪನಿಯ ವಿರುದ್ಧ ನ್ಯಾಯಾಲಯದಲ್ಲಿ ಗೆದ್ದುದು 1988ರಲ್ಲಿ. ಹಾಡು ಬಂದುದು ಅದಾದ ಮೇಲೆ. ಹಾಡಿನಿಂದ ಪರಿಹಾರ ಬಂದಿತೆಂದು ಹೇಳುವವರು ಕೆಮ್ಮುತ್ತಲೇ ಕೋರ್ಟಿನ ಮೆಟ್ಟಿಲು ಹತ್ತಿದವರನ್ನು ಮರೆಯುತ್ತಾರೆ. ಹಾಡು ಮಾಡಿದ ಕೆಲಸ ಬೇರೆ. ಆ ಊರಿನ ಕಥೆಯನ್ನು ಅದು ಪ್ರಪಂಚಕ್ಕೆ ತಿಳಿಸಿತು. ಅದೂ ಸಣ್ಣದಲ್ಲ.

ಈಗ ಕಹಿ ಸಂಗತಿ. ಮೇಳದ ಮುಖ್ಯ ಗಾಯಕ ಪೀಟರ್ ಗ್ಯಾರೆಟ್ 2004ರಲ್ಲಿ ಲೇಬರ್ ಪಕ್ಷದಿಂದ ಪಾರ್ಲಿಮೆಂಟಿಗೆ ಹೋದರು, 2007ರಲ್ಲಿ ಪರಿಸರ ಮಂತ್ರಿಯಾದರು. ಅಣ್ವಸ್ತ್ರ ವಿರೋಧಿ ಪಕ್ಷದಿಂದ 1984ರಲ್ಲಿ ಚುನಾವಣೆಗೆ ನಿಂತಿದ್ದವರು 2009ರಲ್ಲಿ ಹೊಸ ಯುರೇನಿಯಂ ಗಣಿಗೆ ಒಪ್ಪಿಗೆಯ ಸಹಿ ಹಾಕಿದರು. ಪಕ್ಷದ ಶಿಸ್ತು ಎಂದರು. ಶಿಸ್ತನ್ನು ನಾವೂ ಬಲ್ಲೆವು. ಆದರೆ ಅದು ಎಲ್ಲಕ್ಕೂ ಉತ್ತರವಲ್ಲ. ಅದೇ ವರ್ಷ ಅವರ ಇಲಾಖೆಯು ಮನೆಗಳ ಛಾವಣಿಯೊಳಗೆ ಶಾಖ ತಡೆಯುವ ಹಾಸು ಹಾಕಿಸುವ ದೊಡ್ಡ ಯೋಜನೆ ನಡೆಸಿತು. ಹಣ ಬೇಗ ಹರಿಯಬೇಕೆಂಬ ಅವಸರ. ಗುತ್ತಿಗೆದಾರರು ತರಬೇತಿಯಿಲ್ಲದ ಹುಡುಗರನ್ನು ಅಟ್ಟಕ್ಕೆ ಹತ್ತಿಸಿದರು. ನಾಲ್ವರು ಸತ್ತರು, ಮೂವರು ವಿದ್ಯುತ್ತು ತಗಲಿ, ಒಬ್ಬ ಬಿಸಿಲಿನ ತಾಪಕ್ಕೆ. ಅವರಲ್ಲೊಬ್ಬನಿಗೆ ಹದಿನಾರು ವರ್ಷ. 2010ರಲ್ಲಿ ಯೋಜನೆ ನಿಂತಿತು, ಮಂತ್ರಿಯ ಅಧಿಕಾರ ಮೊಟಕಾಯಿತು. ಅಪಾಯದ ಬಗ್ಗೆ ಅವರು ಪ್ರಧಾನಿಗೆ ಪತ್ರ ಬರೆದಿದ್ದರೆಂಬುದು ಆಮೇಲೆ ಹೊರಬಂದಿತು. ನ್ಯಾಯವಾಗಿ ಅದನ್ನೂ ಹೇಳಬೇಕು. ಪತ್ರ ಬರೆದರು, ಕೆಲಸ ನಿಲ್ಲಿಸಲಿಲ್ಲ.

2013ರಲ್ಲಿ ರಾಜಕೀಯ ಬಿಟ್ಟ ಗ್ಯಾರೆಟ್ 2017ರಲ್ಲಿ ಮೇಳವನ್ನು ಮತ್ತೆ ಕೂಡಿಕೊಂಡರು. 2020ರ ‘ಮಕರಾಟ ಪ್ರಾಜೆಕ್ಟ್’ ಮುದ್ರಿಕೆಯಲ್ಲಿ ಮೂಲನಿವಾಸಿ ಗಾಯಕರೊಡನೆ ಹಾಡಿದರು. ಆ ಜನರಿಗೆ ಪಾರ್ಲಿಮೆಂಟಿನೆದುರು ಮಾತನಾಡುವ ಒಂದು ಮಂಡಲಿ ಬೇಕೇ ಎಂಬ ಪ್ರಶ್ನೆಗೆ 2023ರ ಅಕ್ಟೋಬರ್ 14ರ ಜನಮತದಲ್ಲಿ ನೂರಕ್ಕೆ ಸುಮಾರು ಅರವತ್ತು ಮಂದಿ ಬೇಡವೆಂದರು.

‘ರೆಸಿಸ್ಟ್’ನಲ್ಲಿ ಏರುತ್ತಿರುವ ಸಮುದ್ರವಿದೆ, ಟಾಸ್ಮೇನಿಯಾದ ಕಾಡಿದೆ, ಹವಳದ ದಿಬ್ಬವಿದೆ. ಕಂಠ ಮುದಿಯಾಗಿದ್ದರೂ ಸಿಟ್ಟು ಮುದಿಯಾಗಿಲ್ಲ. ಕೇಳಲು ಯೋಗ್ಯವಾದ ಹಾಡುಗಳೇ ಇವು, ಸಿಕ್ಕವರು ಕೇಳಿರಿ. ಅಟ್ಟದಲ್ಲಿ ಸತ್ತ ಆ ನಾಲ್ವರ ಮೇಲೆ ಮಾತ್ರ ಹನ್ನೆರಡರಲ್ಲಿ ಒಂದೂ ಇಲ್ಲ. ವಿಟ್ಟನೂಮಿನ ಮೇಲೆ ಹಾಡಿದವರಿಂದ ನಾವು ಅದನ್ನು ಎದುರುನೋಡಿದ್ದೆವು.